ಪಂಚಾಕ್ಷರಪ್ಪ ಮೇಷ್ಟ್ರ ಪೂರ್ವಪಕ್ಷ

ಅಜ್ಜಂಪುರದ ಓದುಗರ ಬಳಗದಲ್ಲಿ ವರ್ಷದ ಉಪನ್ಯಾಸ ಎಂದರೆ ಪಂಚಾಕ್ಷರಪ್ಪ ಮೇಷ್ಟ್ರದು. ನೌಕರಿಯಿಂದ ನಿವೃತ್ತರಾದರೂ ಆ ಮೈಕಿನಿಂದ ಆಗಿರಲಿಲ್ಲ. ಈ ಸಲ ಅಧ್ಯಕ್ಷ ವಿಶ್ವಾರಾಧ್ಯ, "ಕೃತಿಕಾನ ಕರೆಯಾಣ" ಎಂದುಬಿಟ್ಟರು. ಅವಳು ಮೇಷ್ಟ್ರ ಹಳೆಯ ಶಿಷ್ಯೆ, ಈಗ ಕಡೂರಿನಲ್ಲಿ ಉಪನ್ಯಾಸಕಿ. ಮಾಸಪತ್ರಿಕೆಯಲ್ಲಿ ಬಂದ ಅವಳ ಲೇಖನದ ಬಗ್ಗೆ ಯಗಟಿ ಬಸ್ಸಿನಲ್ಲೂ ವಾದ ನಡೆದಿತ್ತಂತೆ. ಮೇಷ್ಟ್ರ ಲೇಖನಗಳ ಬಗ್ಗೆ ಯಾವ ಬಸ್ಸಿನಲ್ಲೂ ಯಾರೂ ಜಗಳವಾಡಿದವರಿಲ್ಲ.

"ಮೊದ್ಲು ಲೇಖನ ಚರ್ಚೆಯಾಗ್ಲಿ, ಆಮೇಲೆ ಕರೆಯಾಣ" ಎಂದರು ಮೇಷ್ಟ್ರು.

ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತರು. ಹೊಟ್ಟೆಕಿಚ್ಚಿನ ಓದಿಗೆ ಒಂದು ಲಕ್ಷಣವಿದೆ: ತಪ್ಪು ಸಿಕ್ಕ ಕೂಡಲೇ ಅದಕ್ಕೆ ಹಸಿವು ತೀರುತ್ತದೆ.

"ಸಿಕ್ತು ಕಣೇ! ತೋಟದಾಗೆ ಕುರಿಮಂದೆ ನಿಲ್ಲಿಸಾದು ಹಳೇ ಕಾಲದ್ದು, ಚೀಲದ ಗೊಬ್ಬರವೇ ಸಲೀಸು ಅಂತ ಬರ್ದವ್ಳೆ!"

"ಪೂರ್ತಿ ಓದಿದ್ರಾ?" ಎಂದರು ಹೆಂಡತಿ ಕರಿಬಸಮ್ಮ.

"ಅನ್ನ ಬೆಂದೈತಾ ಅಂತ ನೋಡಾಕೆ ಒಂದಗುಳು ಸಾಕು." ಹಾಳೆ ತಿರುವದೆಯೇ ಪತ್ರಿಕೆ ಮಡಚಿದರು.

ಭಾನುವಾರ ಬಳಗದಲ್ಲಿ ಲೇಖನದ ಚರ್ಚೆ; ಕೃತಿಕಾಳೂ ಬಂದಿದ್ದಳು. ಮೊದಲು ಮೇಷ್ಟ್ರು ಎದ್ದು ನಿಂತರು. ರಾತ್ರಿಯೆಲ್ಲ ಮಂದೆ ಮಲಗಿದ ನೆಲ ಹೇಗೆ ಹದವಾಗುತ್ತದೆ, ತೇವ ಹೇಗೆ ನಿಲ್ಲುತ್ತದೆ, ಕುರಿಯವರಿಗೂ ತೋಟದವರಿಗೂ ಹೇಗೆ ನಂಟು ಬೆಳೆಯುತ್ತದೆ ಎಂದು ಒಂದೊಂದಾಗಿ ಬಿಡಿಸಿದರು. ಅಷ್ಟು ಚೆನ್ನಾಗಿ ಅವರು ಯಾವ ವರ್ಷವೂ ಮಾತಾಡಿರಲಿಲ್ಲ. ಚಪ್ಪಾಳೆ ಬಿತ್ತು. ಕೃತಿಕಾಳೂ ತಟ್ಟಿದಳು.

ವಿಶ್ವಾರಾಧ್ಯ ಕೆಮ್ಮಿದರು. "ಮೇಷ್ಟ್ರೇ, ಅವಳ ವಾದಾನೂ ಅದೇ ಅಲ್ವೇನ್ರೀ? ನೀವು ಬೈದಿದ್ದು ಪೂರ್ವಪಕ್ಷನ. ಎದುರಿನವ್ರ ಮಾತು ಮುಗ್ಸಿ, 'ಆದರೆ' ಅಂತ ತಿರುಗಿಸಿರಾದು ಹಾಳೆ ಹಿಂದ್ಗಡೆ ಐತೆ."

ಮೇಷ್ಟ್ರು ಹಾಳೆ ತಿರುವಿದರು. ಮೊದಲ ಪದವೇ 'ಆದರೆ'.

"ಎದುರಾಳಿ ಪರವಾಗಿ ಅವ್ನಿಗಿಂತ ಚೆನ್ನಾಗಿ ವಾದ ಮಾಡಿ, ಆಮೇಲೆ ಉತ್ತರ ಕೊಡ್ರೋ ಅಂತ ನೀವೇ ಹೇಳ್ಕೊಟ್ಟಿದ್ದು ಸಾರ್" ಎಂದಳು ಕೃತಿಕಾ. ಅವಳಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಆ ನಂಟಿನ ಮಾತು ನಂಗೆ ಹೊಳ್ದೇ ಇರ್ಲಿಲ್ಲ. ಉಪನ್ಯಾಸದಲ್ಲಿ ಸೇರಿಸ್ಕೊಳ್ಲಾ ಸಾರ್? ನಿಮ್ಮ ಹೆಸರು ಹೇಳ್ತೀನಿ."

ಉಪನ್ಯಾಸ ಯಾರದೆಂದು ಯಾರೂ ತೀರ್ಮಾನಿಸಲಿಲ್ಲ; ತೀರ್ಮಾನವಾಗಿಹೋಗಿತ್ತು. ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಹೇಳು ತಾಯಿ. ಆದ್ರೆ ಶುರುವಿನಲ್ಲೇ ಹೇಳ್ಬಿಡು. ಕೊನೇತಂಕ ಯಾರ್ ಕೇಳ್ತಾರೆ?"