ದಪ್ಪು ಗೂಟಕ್ಕೇರಿದ ವರ್ಷ

ನಮ್ಮ ಅಬ್ಬಾ ಆ ಸಂಜೆ ಬಾಯಿಗೆ ಒಂದಿಷ್ಟು ಎಲೆಅಡಿಕೆ ತುರುಕಿಕೊಂಡು ಸುಮ್ಮನೆ ಕೂತಿದ್ದರೆ ನನಗೆ ಈ ಫಜೀತಿ ಇರುತ್ತಿರಲಿಲ್ಲ. ಆದರೆ ಸುಮ್ಮನೆ ಕೂರುವುದು ತಿಕೋಟಾದ ಬುಡ್ಡೇಸಾಬನ ಜಾಯಮಾನವೇ ಅಲ್ಲ. ನಾನು ಸಬೀರಾ, ಅವನ ಮಗಳು. ನನ್ನ ಜಾಯಮಾನವೂ ಅಲ್ಲ, ಆ ಮಾತು ಬೇರೆ.

ಅಬ್ಬಾ ಗೀಗೀ ಹಾಡುಗಾರ. ನಮ್ಮ ಕಡೆ ಹರದೇಶಿ-ನಾಗೇಶಿ ಅಂತ ಹಾಡಿನ ಜಗಳ ನಡೆಯುತ್ತದೆ. ಗಂಡು ಹೆಚ್ಚು ಅಂತ ಹಾಡುವ ಮೇಳ ಹರದೇಶಿ, ಹೆಣ್ಣು ಹೆಚ್ಚು ಅಂತ ಹಾಡುವ ಮೇಳ ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಹಾಕಬೇಕು. ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಟ್ಟು, ಅದೇ ಉಸಿರಿನಲ್ಲಿ ತಿರುಗಿ ಸವಾಲು ಹಾಕಬೇಕು. ಬರೀ ಜವಾಬು ಕೊಟ್ಟು ಕೂತವನಿಗೆ ಜನ ಚಪ್ಪಾಳೆ ಹೊಡೆಯುವುದಿಲ್ಲ. ಅಬ್ಬಾ ನಾಗೇಶಿ. ಇಷ್ಟುದ್ದ ಮೀಸೆ ಇಟ್ಟುಕೊಂಡು, ಕೈಯಲ್ಲಿ ಚರ್ಮದ ದುಂಡನೆಯ ದಪ್ಪು ಹಿಡಿದು ಅವನು ಹೆಣ್ಣಿನ ಪರವಾಗಿ ನಿಂತನೆಂದರೆ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮ್ಮ ಅಮ್ಮಾ ಗುಲಶನ ಮಾತ್ರ, “ಮನ್ಯಾಗ ಒಂದ್ ಕೊಡ ನೀರ ತರೂದಿಲ್ಲ, ಅಲ್ಲಿ ಹೋಗಿ ಹೆಣ್ಣ ದೊಡ್ಡಾಕಿ ಅಂತ ಹಾಡ್ತಾನ,” ಎಂದು ಗೊಣಗುತ್ತಿದ್ದಳು.

ಅವನ ಎದುರು ಹಾಡುವವರು ಬಬಲೇಶ್ವರದ ಶಂಕರೆಪ್ಪ ಮಾಸ್ತರರು. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು, ಸಂಜೆಗೆ ಹರದೇಶಿ. ನಾನು ಹುಟ್ಟುವ ಮೊದಲಿನಿಂದ ಇಬ್ಬರೂ ಊರೂರು ತಿರುಗಿ ಒಬ್ಬರನ್ನೊಬ್ಬರು ಹಾಡಿನಲ್ಲಿ ಬೈದುಕೊಂಡು ಬಂದವರು. ಹಾಡು ಮುಗಿದ ಮೇಲೆ ಒಬ್ಬ ಆ ಬಸ್ಸು, ಇನ್ನೊಬ್ಬ ಈ ಬಸ್ಸು. ಒಂದು ಲೋಟ ಚಹಾ ಕೂಡ ಜೊತೆಗೆ ಕುಡಿದವರಲ್ಲ.

ಎಪ್ಪತ್ನಾಲ್ಕರಲ್ಲಿ ನಾನು ಬಿ.ಎ. ಮುಗಿಸಿ ಸರಕಾರದ ದೊಡ್ಡ ಪರೀಕ್ಷೆಗೆ ಕೂತೆ, ತಹಶೀಲ್ದಾರರನ್ನೆಲ್ಲ ಆರಿಸುತ್ತಾರಲ್ಲ, ಅದಕ್ಕೆ. ಇತಿಹಾಸ ನೀರು ಕುಡಿದಂತೆ ಬರೆದೆ. ಭೂಗೋಳವೂ ಚೆನ್ನಾಗಿತ್ತು. ಸಾಮಾನ್ಯ ವಿಜ್ಞಾನ ಮಾತ್ರ ನನ್ನನ್ನು ನೆಲಕ್ಕೆ ಕೆಡವಿತು. ನನಗೆ ಪಿತ್ತಕೋಶ ಯಾವುದು, ಮೂತ್ರಪಿಂಡ ಯಾವುದು ಅಂತ ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇರಲಿಲ್ಲ.

ಆ ಸುಗ್ಗಿ ಮುಗಿದ ಮೇಲೆ ಬಬಲೇಶ್ವರದಲ್ಲಿ ಹಾಡಿಕೆ. ನಾನು ಹೆಂಗಸರ ಕಡೆ ಕೂತು ಶೇಂಗಾ ತಿನ್ನುತ್ತಿದ್ದೆ. ಶಂಕರೆಪ್ಪ ಮಾಸ್ತರರು ಎದ್ದು ನಿಂತು ನನ್ನ ಕಡೆಯೇ ಕೈ ಮಾಡಿದರು:

“ಹೆಣ್ಣ ಹೆಚ್ಚಂತ ಹಾಡೂ ಬುಡ್ಡೇಸಾಬಾ, ನಿನ್ನ ಹೆಣ್ಣಮಗಳ ಹ್ಯಾಂಗ ಬಿದ್ದಳೋ?
ವಿಜ್ಞಾನದ ಹಳ್ಳಕ ಹಾರೇನಂತ್ಹೋಗಿ ದಂಡಿ ಮ್ಯಾಲೇ ಜಾರಿ ಬಿದ್ದಳೋ!”

ಜನ ಬಿದ್ದು ಬಿದ್ದು ನಕ್ಕರು. ಶೇಂಗಾ ನನ್ನ ಗಂಟಲಲ್ಲೇ ನಿಂತಿತು. ಅಬ್ಬಾ ಇದಕ್ಕೆ ಹಾಡಿನಲ್ಲೇ ಜವಾಬು ಕೊಡಬೇಕಿತ್ತು. ಕೊಡಲಿಲ್ಲ. ದಪ್ಪು ನಿಲ್ಲಿಸಿ, ಮೀಸೆ ನಡುಗಿಸುತ್ತ ಬಾಯಿಮಾತಿನಲ್ಲೇ ಕೂಗಿದ: “ಕೇಳ್ರಿ ಎಲ್ಲಾರೂ! ನನ್ನ ಮಗಳು ಆ ಪರೀಕ್ಷಾ ಪಾಸಾಗೂ ತನಕ ನಾ ದಪ್ಪ ಮುಟ್ಟಂಗಿಲ್ಲ. ಬರೂ ವರ್ಷಾನೂ ಬಿದ್ದಳಂದ್ರ, ಜೀವ ಇರೂ ತನಕ ಮುಟ್ಟಂಗಿಲ್ಲ!”

ಒಮ್ಮೆಲೇ ಎಲ್ಲರ ನಗು ನಿಂತುಹೋಯಿತು.

ಮನೆಗೆ ಬಂದವನೇ ದಪ್ಪನ್ನು ಗೂಟಕ್ಕೆ ಕಟ್ಟಿ ತೂಗುಹಾಕಿದ. “ಆಣಿ ಹಾಕೂ ಮುಂದ ನನ್ನ ಒಂದ್ ಮಾತ ಕೇಳಿದ್ಯಾ ಅಬ್ಬಾ?” ಎಂದು ನಾನು ಮೈಮೇಲೆ ಹೋದೆ. “ಪಾಸ್ ಆಗ್ತಿ ಬಿಡಲೇ,” ಎಂದ. ಇವನಪ್ಪನ ಗಂಟೇನು ಹೋಗುವುದು! ಪಿತ್ತಕೋಶ ಹುಡುಕಬೇಕಾದವಳು ನಾನು.

ಆಮೇಲಿನ ಅವನ ಅವಸ್ಥೆ ನೋಡಬೇಕಿತ್ತು. ದಪ್ಪಿಲ್ಲದ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ತಾಟು ಬಾರಿಸುತ್ತಿದ್ದ, ಅಮ್ಮಾ ಕಸಿದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ಬಾರಿಸಿ ಬೈಸಿಕೊಂಡು ಬಂದ. ಕಡೆಗೆ ಎಮ್ಮೆಯ ಹೊಟ್ಟೆ ಬಾರಿಸಲು ಹೋಗಿ ಒದೆ ತಿಂದ. ನಗು ಬರುತ್ತಿತ್ತು. ಆದರೆ ಒಮ್ಮೊಮ್ಮೆ ಅವನು ಗೂಟದ ಕಡೆ ನೋಡಿ ಮುಖ ತಿರುಗಿಸಿಕೊಳ್ಳುವಾಗ ನನ್ನ ಕರುಳು ಚುರುಕ್ ಎನ್ನುತ್ತಿತ್ತು.

ನನಗೆ ಸಿಟ್ಟು ಬಂದರೆ ಕಾಲು ನಿಲ್ಲುವುದಿಲ್ಲ. ವಿಜಾಪುರಕ್ಕೆ ಹೋಗಿ, ಬಸ್ಸು ಬದಲಿಸಿ, ಬಬಲೇಶ್ವರದ ಮಾಸ್ತರರ ಮನೆಯ ಹೊಸ್ತಿಲಲ್ಲಿ ಹೋಗಿ ನಿಂತೆ.

“ಏನ್ರಿ ಮಾಸ್ತರ್ರ, ನಿಮ್ಮ ಜಗಳದಾಗ ನನ್ನ ಯಾಕ ಎಳದ್ರಿ? ಈಗಿಂದೀಗ ಬಂದು ನಮ್ಮ ಅಬ್ಬಾನ ಆಣಿ ಬಿಡಿಸ್ರಿ!”

ಅವರು ತಲೆ ತಗ್ಗಿಸಿದರು. “ತಪ್ಪಾತ ತಂಗೀ. ಆದ್ರ ಅದು ಮಂದಿ ಮುಂದ ಆಡಿದ ಮಾತ. ನಾ ಬಿಡಸಾಕ ಹ್ವಾದ್ರ ಅಂವ ಸೋತಂಗಾಗ್ತೈತಿ. ನಿಮ್ಮಪ್ಪ ಒಪ್ಪತಾನೇನ?”

ಒಪ್ಪುವುದಿಲ್ಲ, ಅದು ನನಗೂ ಗೊತ್ತಿತ್ತು. “ಹಂಗಾರ ಏನ್ ಮಾಡೂದ್ರಿ?”

“ಒಳಗ ಬಾ. ಪುಸ್ತಕ ತಗಿ.”

ಹೀಗೆ ನಾನು ವೈರಿಯ ಮನೆಗೆ ಪಾಠಕ್ಕೆ ಬಿದ್ದೆ. ಸಾಲಿ ಬಿಟ್ಟ ಮೇಲೆ ಅವರು ಕಟ್ಟೆಯ ಮೇಲೆ ಕೂತು ಕಲಿಸುವುದು, ನಾನು ಆಕಳಿಸುವುದು. ನಿನ್ನೆ ಹೇಳಿದ್ದು ಇವತ್ತಿಗಿಲ್ಲ. ನಾನು ಜೀವಸತ್ವಗಳನ್ನು ಅದಲುಬದಲು ಮಾಡಿ, ಇರುಳುಗಣ್ಣು ಬಂದವನಿಗೆ ನಿಂಬೆಹಣ್ಣು ತಿನ್ನಿಸಿದೆ. ಮಾಸ್ತರರು ಹಣೆ ಹಣೆ ಬಡಿದುಕೊಂಡರು. ಒಂದು ದಿನ ಅವರ ತಾಳ್ಮೆ ತಪ್ಪಿತು. ಪುಸ್ತಕ ಆಚೆಗೆ ಸರಿಸಿ, ತೊಡೆ ತಟ್ಟಿ, ಹಾಡಿಯೇ ಬಿಟ್ಟರು:

“ಹೆಣ್ಣಿನ ಬುದ್ಧಿ ಎಷ್ಟರ ಮಟ್ಟಿಗಿ ಕೇಳತೀನಿ ನಾ ಸವಾಲಾ,
ಇರುಳಾದ್ರ ಕಣ್ಣ ಕಾಣೂದಿಲ್ಲ ಯಾವ ಸತ್ವ ಇಲ್ಲ ಹೇಳಾ!”

ನನ್ನ ನೆತ್ತಿಗೆ ಬೆಂಕಿ ಬಿತ್ತು. ಹೆಣ್ಣಿನ ಬುದ್ಧಿಯಂತೆ! ನಾನೂ ಬುಡ್ಡೇಸಾಬನ ಮಗಳೇ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟೆ:

“ಗಜ್ಜರಿ ತಿನ್ನೋ ಗಂಡಸಾ, ತಪ್ಪಲಪಲ್ಯಾ ಉಣ್ಣೋ,
ಎ ಜೀವಸತ್ವ ಇಲ್ಲದ್ದಕ್ಕ ಮಬ್ಬಾಗ್ಯಾವ ನಿನ್ನ ಕಣ್ಣೋ!”

ಒಳಗೆ ರೊಟ್ಟಿ ಬಡಿಯುತ್ತಿದ್ದ ಮಾಸ್ತರರ ಹೆಂಡತಿ ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟುತ್ತ ಹೊರಗೆ ಬಂದಳು. “ಭಲೇ ನನ್ನವ್ವಾ! ಇನ್ನೊಂದ್ ಹಾಕ ಈ ಮುದುಕಗ!” ಮಾಸ್ತರರು ನನ್ನನ್ನೇ ನೋಡುತ್ತ ಕೂತಿದ್ದರು. ಸಿಟ್ಟು ಬಂದರೆ ನನಗೆ ಎಲ್ಲವೂ ನೆನಪಿಗೆ ಬರುತ್ತದೆ ಅನ್ನುವುದು ಅವರಿಗೆ ಆಗಲೇ ತಿಳಿಯಿತು.

“ಜವಾಬ ಸರಿ ಐತಿ. ಸವಾಲ ಎಲ್ಲೈತಿ?” ಎಂದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಅವರು ಹೆಣ್ಣುಕುಲವನ್ನು ಬೈದು ಸವಾಲು ಹಾಕಬೇಕು. ನಾನು ಜವಾಬು ಕೊಟ್ಟು, ಗಂಡುಕುಲವನ್ನು ಬೈದು, ತಿರುಗಿ ಸವಾಲು ಹಾಕಬೇಕು. ತಿರುಗಿ ಸವಾಲು ಹಾಕದಿದ್ದರೆ ಜವಾಬು ಸರಿಯಿದ್ದರೂ ಲೆಕ್ಕಕ್ಕಿಲ್ಲ. ಅಯ್ಯಯ್ಯೋ, ಏನು ಮಜಾ ಅಂತೀರಿ! ಆಮ್ಲ ಹಾಡಿದೆವು, ಕ್ಷಾರ ಹಾಡಿದೆವು, ಗ್ರಹಣ ಹಾಡಿದೆವು, ಹೃದಯದ ಕೋಣೆಗಳನ್ನೆಲ್ಲ ಸುತ್ತಿ ಬಂದೆವು. ಓಣಿಯ ಹೆಂಗಸರು ಅಕ್ಕಿ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದುಕೊಂಡೇ ಬಂದು ಕೂರತೊಡಗಿದರು. ನಾನು ಗೆದ್ದರೆ “ಹೋ” ಎನ್ನುತ್ತಿದ್ದರು. ಒಮ್ಮೆ ನನ್ನ ಸವಾಲಿಗೆ ಜವಾಬು ತಿಳಿಯದೆ ಮಾಸ್ತರರು ಬಹಿರ್ದೆಸೆಯ ನೆಪ ಹೇಳಿ ಹಿತ್ತಲಿಗೆ ಹೋಗಿ ಪುಸ್ತಕ ತೆರೆದದ್ದನ್ನು ಮುರಿಗೆವ್ವನೇ ಹಿಡಿದುಕೊಟ್ಟಳು.

ಮನೆಗೆ ಬಂದರೆ ಅಬ್ಬಾ ಎಮ್ಮೆಯ ಹಗ್ಗ ಸರಿಮಾಡುತ್ತ, ಏನೂ ಅರಿಯದವನಂತೆ ಕೇಳುತ್ತಿದ್ದ: “ಇವತ್ತ ಏನ್ ಹಾಡಿದ ಆ ಮಾಸ್ತರ?” ಒಮ್ಮೆ ನಾನು ಗುರುತ್ವಾಕರ್ಷಣೆ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿ, “ಗುರುತ್ವ ಗಿರುತ್ವ ನನಗ ತಿಳಿಯಂಗಿಲ್ಲ, ತಾಳ ತಪ್ಪೈತಿ,” ಎಂದ. ಬೆರಳು ಮೊಣಕಾಲಿನ ಮೇಲೆ ಕುಣಿಯುತ್ತಲೇ ಇದ್ದವು.

ಪರೀಕ್ಷೆ ವಿಜಾಪುರದ ಒಂದು ಸಾಲಿಯಲ್ಲಿ. ಪ್ರಶ್ನೆಪತ್ರಿಕೆ ಕೈಗೆ ಬಂತು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೇಕೆ? ಗಾಳಿಯ ಒತ್ತಡ ಅಳೆಯುವ ಸಾಧನ ಯಾವುದು? ಓದಿದ ಕೂಡಲೇ ಮಾಸ್ತರರು ಎದುರಿಗೆ ಕೂತು ಹೆಣ್ಣುಕುಲವನ್ನು ಬೈದಂತಾಯಿತು. ಮೈಯೆಲ್ಲ ಬಿಸಿಯಾಯಿತು. ಬರೆದೆ ನೋಡಿ, ಹಾಳೆಯ ಮೇಲೆ ಹಾಳೆ ಕೇಳಿ ಬರೆದೆ! ಮೇಲ್ವಿಚಾರಕರು ಹತ್ತಿರ ಬಂದು, “ಅಕ್ಕಾರ, ಕಾಲ ಬಡೀಬ್ಯಾಡ್ರಿ, ಉಳಿದವ್ರು ಬರೀಬೇಕು,” ಎಂದರು. ಗಂಟೆ ಹೊಡೆದಾಗ ನನಗೆ ಹಾರಾಡುವಷ್ಟು ಖುಷಿ.

ಉತ್ತರಪತ್ರಿಕೆಯನ್ನು ಅವರ ಕೈಗೆ ಕೊಡುವಾಗ ಮೇಲಿನ ಪುಟದ ಮೇಲೆ ಕಣ್ಣು ಬಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಕಾರಣವನ್ನು ಚೊಕ್ಕವಾಗಿ ಬರೆದಿದ್ದೆ. ಅದರ ಕೆಳಗೆ, ನನ್ನದೇ ಅಕ್ಷರದಲ್ಲಿ: “ಹಾಗಾದರೆ ಬಂಗಾರಕ್ಕೆ ಯಾಕೆ ಹಿಡಿಯುವುದಿಲ್ಲ? ಮೀಸೆ ಹೊತ್ತ ಗಂಡಸಾಗಿದ್ದರೆ ಜವಾಬು ಕೊಡು!”

ಯಾ ಅಲ್ಲಾ! ಒಂದರ ಕೆಳಗಲ್ಲ, ಎಲ್ಲದರ ಕೆಳಗೂ ಸವಾಲು ಹಾಕಿ ಬಂದಿದ್ದೆ. ಕೈ ಚಾಚಿ ಕಸಿದುಕೊಳ್ಳಬೇಕು ಅನ್ನುವುದರೊಳಗೆ ಅವರು ಕಟ್ಟು ಕಟ್ಟಿ ನಡೆದುಬಿಟ್ಟರು.

ತಿಕೋಟಾಕ್ಕೆ ಹೋಗುವ ಮುಖ ಎಲ್ಲಿತ್ತು? ನೆಟ್ಟಗೆ ಬಬಲೇಶ್ವರದ ಬಸ್ಸು ಹತ್ತಿದೆ. ಮಾಸ್ತರರ ಕಟ್ಟೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದೆ. ಅವರು ಗಂಭೀರವಾಗಿ, “ಗಾಳಿ ಒತ್ತಡದ ಕೆಳಗ ಏನ್ ಬರದಿ?” ಎಂದರು.

“‘ಗುಡ್ಡದ ಮೇಲೆ ಬ್ಯಾಳಿ ಬೇಗ ಬೇಯುವುದಿಲ್ಲ ಯಾಕೆ? ಒಂದು ದಿನವಾದರೂ ಒಲೆ ಮುಂದೆ ಕೂತಿದ್ದರೆ ಹೇಳು’ ಅಂತ ಬರದೀನ್ರಿ.”

ಮಾಸ್ತರರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕರು. ಮುರಿಗೆವ್ವ ನಗುತ್ತ ನೆಲಕ್ಕೇ ಕೂತಳು. ಅಳಬೇಕೆಂದು ಬಂದಿದ್ದ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು “ಮೀಸೆ ಹೊತ್ತ ಗಂಡಸು” ಎನ್ನುವುದು, ಮತ್ತೆ ಶುರು.

ನಗು ಇಳಿಯಿತು. ಮಾಸ್ತರರು ಕಣ್ಣಿನ ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

“ಉತ್ತರ ತಪಾಸ್ನಿ ಮಾಡಾಂವಗ ಸಿಟ್ಟ ಬಂದು ಸೊನ್ನಿ ಹಾಕಿದಾ ಅಂದ್ರ?”

ನಾನು ಎದ್ದು ಚಪ್ಪಲಿ ಮೆಟ್ಟಿದೆ.

“ತಂಗೀ, ನಿಮ್ಮಪ್ಪ ದಪ್ಪ ಬಿಟ್ರ ನಾ ಯಾರ ಕೂಡ ಹಾಡ್ಲೆವ್ವಾ?” ಅವರು ಚಾಳೀಸನ್ನು ಬದಿಗಿಟ್ಟರು. “ಆವತ್ತಿನಿಂದ ನಾನೂ ಹಾಡಿಕಿಗೆ ಹೋಗಿಲ್ಲ. ಸಾರವಾಡದವ್ರು ಬಂದಿದ್ರು, ಬ್ಯಾರೆ ನಾಗೇಶಿ ತರಸ್ತೀವಿ ಬರ್ರಿ ಅಂದ್ರು. ಒಲ್ಲೆ ಅಂದೆ. ಬ್ಯಾರೆಯವ್ರ ಕೂಡ ಹಾಡಿದ್ರ ಬರೇ ಹಾಡಾಗ್ತೈತಿ. ಅವನ ಕೂಡ ಹಾಡಿದ್ರನ ಜಗಳಾಗೂದು.”

ಇಷ್ಟು ದಿನ ನನಗೆ ಬೈದು ಬೈದು ಕಲಿಸಿದವರು ಯಾರಿಗಾಗಿ ಕಲಿಸುತ್ತಿದ್ದರು ಅನ್ನುವುದು ಆಗ ತಿಳಿಯಿತು. ಅವರ ಮೇಲೆ ಇದ್ದ ಸಿಟ್ಟೆಲ್ಲ ಕರಗಿತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅತ್ತೆ.

ಅಬ್ಬಾನಿಗೆ ಒಂದಕ್ಷರ ಹೇಳಲಿಲ್ಲ. “ಹ್ಯಾಂಗ ಬರದಿ?” ಎಂದರೆ “ಬರದೀನಿ” ಎನ್ನುತ್ತಿದ್ದೆ. ರಿಸಲ್ಟು ಬರುವ ದಿನ ಪೇಪರು ವಿಜಾಪುರಕ್ಕೆ ಬೆಳಿಗ್ಗೆ ಬರುತ್ತದೆ, ನಮ್ಮೂರಿಗೆ ಮಧ್ಯಾಹ್ನ. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಅಬ್ಬಾ ಕಟ್ಟೆಯ ಮೇಲೆ ಕೂತಿದ್ದ. ಅವನ ಬೆರಳು ಆವತ್ತು ಏನನ್ನೂ ಬಾರಿಸುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಮಧ್ಯಾಹ್ನದ ಬಸ್ಸು ಬಂತು. ಅದು ನಿಲ್ಲುವ ಮೊದಲೇ ಒಬ್ಬರು ಧುಮುಕಿದರು. ಧೋತರ ಮೊಣಕಾಲಿನ ಮೇಲೆ, ಒಂದು ಕಾಲಿನ ಚಪ್ಪಲಿ ಬಸ್ಸಿನಲ್ಲೇ ಉಳಿದಿತ್ತು, ಕೈಯಲ್ಲಿ ಪೇಪರು. ಹಾಡಿಕೆ ಇಲ್ಲದ ದಿನ ಒಮ್ಮೆಯೂ ತಿಕೋಟಾಕ್ಕೆ ಕಾಲಿಡದ ಶಂಕರೆಪ್ಪ ಮಾಸ್ತರರು ನಡುಬೀದಿಯಲ್ಲಿ ಓಡಿ ಬರುತ್ತಿದ್ದರು.

“ಬುಡ್ಡೇಸಾಬಾ! ಏ ಬುಡ್ಡೇಸಾಬಾ! ಇಳಸಲೇ ದಪ್ಪಾ! ಸೋತೆನಲೇ ನಾ, ಸೋತೆ!”

ಪೇಪರಿನಲ್ಲಿ ನನ್ನ ನಂಬರಿತ್ತು. ನನ್ನ ಉತ್ತರ ತಿದ್ದಿದ ಆ ಮಹಾರಾಯ ಯಾರೋ, ಮೀಸೆ ಇತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅವನ ಹೊಟ್ಟೆ ತಣ್ಣಗಿರಲಿ. ಅಮ್ಮಾ ನನ್ನ ಎರಡೂ ಗಲ್ಲ ಹಿಡಿದು ಮುತ್ತಿಟ್ಟು, ಉರ್ದುವಿನಲ್ಲಿ ಬೈದು, ಮತ್ತೆ ಮುತ್ತಿಟ್ಟಳು.

ಅಬ್ಬಾ ಗೂಟದ ಗಂಟು ಬಿಚ್ಚಲು ಹೋದ. ತಾನೇ ಬಿಗಿದ ಗಂಟು ಬಿಚ್ಚಲಾಗಲಿಲ್ಲ, ನಾನೇ ಬಿಚ್ಚಿಕೊಟ್ಟೆ. ಮಳೆಗಾಲ ಕಳೆದ ಚರ್ಮ ಸಡಿಲಾಗಿತ್ತು. ಅಮ್ಮಾ ಜೋಳದ ದಂಟಿಗೆ ಬೆಂಕಿ ಹಚ್ಚಿದಳು. ಮಾಸ್ತರರು ತಾವೇ ದಪ್ಪು ಹಿಡಿದು, ಉರಿಯ ಮೇಲೆ ಮೆಲ್ಲಗೆ ತಿರುಗಿಸಿ ಕಾಯಿಸಿ, ಬಿಗಿಯಾದ ಮೇಲೆ ಅಬ್ಬಾನ ಕೈಗೆ ಕೊಟ್ಟರು. ಓಣಿಯ ಮಂದಿಯೆಲ್ಲ ಸೇರಿದ್ದರು.

ಅಬ್ಬಾ ಒಂದು ಪೆಟ್ಟು ಹಾಕಿದ. ಮಾಸ್ತರರು ಎದೆ ಉಬ್ಬಿಸಿ ಶುರುಮಾಡಿದರು:

“ಗಂಡಿನ ಹಿರಿತನ ಹಾಡತೀನ ಕೇಳ, ಮೂರು ಲೋಕದಾಗ...”

ಮುಂದೆ ಹೋಗಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. ದಪ್ಪು ನುಡಿಯುತ್ತಿತ್ತು, ಸಾಲು ಅರ್ಧಕ್ಕೇ ನಿಂತಿತ್ತು. ಅಬ್ಬಾ ಅವರ ಮುಖ ನೋಡಿದ. ಹತ್ತಿರ ಸರಿದು, ಅವರ ಭುಜಕ್ಕೆ ಭುಜ ಹಚ್ಚಿ, ದೊಡ್ಡ ದನಿಯಲ್ಲಿ ತಾನೇ ಮುಗಿಸಿದ:

“...ಗಂಡೇ ಹೆಚ್ಚಿನಾಂವ ನೋಡೋ!”

“ಹಾಂ!” ಎಂದಳು ಅಮ್ಮಾ. ಓಣಿಗೆ ಓಣಿಯೇ ಕೇಕೆ ಹಾಕಿತು. ತಾನು ಹಾಡಿದ್ದೇನೆಂದು ಅಬ್ಬಾನಿಗೆ ಆಗ ಹೊಳೆದು, ನಾಲಿಗೆ ಕಚ್ಚಿಕೊಂಡ. ಹುಟ್ಟಿದಾಗಿನಿಂದ ನಾಗೇಶಿ ಹಾಡಿದವನು ಎದುರಿನವನ ಸಾಲು ಹಾಡಿದ್ದು ಅದೊಂದೇ ಸಲ. ನಾನು ಮಾತ್ರ ಅದಕ್ಕೆ ಸಿಟ್ಟು ಮಾಡಲಿಲ್ಲ.