ಮುದಿ ಎಲೆ, ಮೇಲಿನ ಎಲೆ

ದೇವದುರ್ಗದ ಬೂದೆಮ್ಮ ಎರಡು ವರ್ಷ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದ ಗದ್ದೆಗಳಲ್ಲಿ ಕೂಲಿ ಮಾಡಿದವಳು. ಎಲೆಯನ್ನು ಕೀಳದೆ, ಹರಿಯದೆ, ಸುಮ್ಮನೆ ಕಚ್ಚಿ ಹಿಡಿದು ಅದರ ಹಸಿರನ್ನು ಅಂಕಿಯಲ್ಲಿ ಹೇಳುವ ಮೀಟರನ್ನು ಅಲ್ಲಿ ಸಾವಿರಾರು ಸಲ ಹಿಡಿದಿದ್ದಳು. ಅಂಕಿ ಮೂವತ್ತೈದಕ್ಕಿಂತ ಕೆಳಗಿಳಿದರೆ ಭತ್ತಕ್ಕೆ ಯೂರಿಯಾ ಬೇಕು, ಮೇಲಿದ್ದರೆ ಬೇಡ ಎಂದು ಅಲ್ಲಿಯೇ ಕಲಿತಿದ್ದಳು.

ಆ ಆಶ್ವೀಜದಲ್ಲಿ ಅವಳು ಆರು ಹೆಂಗಸರನ್ನು ಕಟ್ಟಿಕೊಂಡು ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿಗೆ, ಅಕ್ಕಿ ಗಿರಣಿಯ ದೊಡ್ಡಪ್ಪ ಸಾಹುಕಾರರ ಗದ್ದೆಗೆ ಗೊಬ್ಬರ ಎರಚಲು ಬಂದಳು. ಸಾಹುಕಾರರು ಹೊಸದಾಗಿ ಕೊಂಡ ಅಂಥದೇ ಮೀಟರನ್ನು ಗೊಬ್ಬರದಂಗಡಿಯ ಉದಯಕುಮಾರ ಹಿಡಿದಿದ್ದ. ಇಪ್ಪತ್ತೊಂಬತ್ತು ಎಂದು ತೋರಿಸಿ, ಎಕರೆಗೆ ಎರಡು ಚೀಲ ಬೀಳಲೇಬೇಕು ಎಂದ.

ಬೂದೆಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಹಿಡಿದದ್ದೆಲ್ಲ ಹಸಿರು ಕಳೆದುಕೊಳ್ಳುತ್ತಿದ್ದ ಬುಡದ ಎಲೆಗಳು. ತಿಳಿಯದೆ ಹಿಡಿದನೋ ತಿಳಿದೇ ಹಿಡಿದನೋ, ದೇವರೇ ಬಲ್ಲ.

“ಸಾವ್ಕಾರ್ರೇ, ಇವ್ರು ಹಿಡದಿದ್ದು ಮುದಿ ಎಲಿರಿ. ಮ್ಯಾಲ ಪೂರಾ ಬಿಚ್ಚಿದ ಎಲಿ ಹಿಡೀಬೇಕು.”

ಮಷೀನು ಸುಳ್ಳು ಹೇಳುತ್ತದೇನು ಎಂದು ಉದಯಕುಮಾರ ನಕ್ಕ. ಬೂದೆಮ್ಮ ಕೆಸರಿಗಿಳಿದವಳೇ ಅವನ ಕೈಯಿಂದ ಮೀಟರು ಕಸಿದುಕೊಂಡು, ಎಲೆಗೆ ತನ್ನ ಮೈಯ ನೆರಳು ಕೊಟ್ಟು, ನಡುನರ ತಪ್ಪಿಸಿ ಹಿಡಿದಳು. ಮೂವತ್ತೆಂಟು. ಹತ್ತು ಹೆಜ್ಜೆ ಆಚೆ ಮೂವತ್ತೊಂಬತ್ತು.

ಕೂಲಿಯವಳಿಂದ ಪಾಠ ಹೇಳಿಸಿಕೊಳ್ಳುವುದು ದೊಡ್ಡಪ್ಪನವರಿಂದ ಆಗದ ಮಾತು. ಮುಖ ಬಿಗಿದುಕೊಂಡು, ಬಂದ ಕೆಲಸ ಮಾಡು ಎಂದರು.

“ಈಗ ಹಾಕಿದ್ರ ಬೆಳಿ ಸೊಕ್ಕಿ ನೆಲಕ್ಕ ಮಲಗ್ತದ. ನಾ ಎರಚಂಗಿಲ್ಲರಿ,” ಎಂದು ಬೂದೆಮ್ಮ ಬುಟ್ಟಿಯ ಯೂರಿಯಾವನ್ನು ಮತ್ತೆ ಚೀಲಕ್ಕೆ ಸುರಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮಂಜುಳಾ ತನ್ನ ಬುಟ್ಟಿ ಸುರಿದಳು, ಆಮೇಲೆ ಉಳಿದ ಐವರು. ಇನ್ನು ಈ ಊರಿಗೆ ಕಾಲಿಡಬೇಡಿ ಎಂಬ ಸಾಹುಕಾರರ ಮಾತು ಬದುವಿನುದ್ದಕ್ಕೂ ಅವರ ಬೆನ್ನಿಗೆ ಬಂತು.

ಹಾಗೆಯೇ ಆಯಿತು. ಆ ಊರಿನಿಂದ ಯಾರೂ ಕೆಲಸಕ್ಕೆ ಕರೆಯಲಿಲ್ಲ. ದೊಡ್ಡವರ ತಂಟೆ ನಿನಗೇಕೆ ಬೇಕಿತ್ತು ಎಂದು ಗಂಡ ಪಕೀರಪ್ಪ ದಿನಾ ಗೊಣಗಿದ. ಕಣ್ಣಿಗೆ ಕಂಡದ್ದನ್ನು ಹೇಳಿದ್ದೇನೆ, ನಾಳೆಯೂ ಅದನ್ನೇ ಹೇಳುತ್ತೇನೆ ಎಂದಳು ಬೂದೆಮ್ಮ.

ಹನ್ನೆರಡನೆಯ ದಿನ ಸಾಹುಕಾರರದೇ ಫೋನು ಬಂತು.

“ಬೂದೆಮ್ಮಾ, ಮ್ಯಾಲಿನ ಎಲಿ ಮೂವತ್ನಾಕು ತೋರಸಾಕತ್ತದ.”

ಅಂದರೆ ಅವರು ಗೊಬ್ಬರ ಹಾಕಿಸಿರಲಿಲ್ಲ. ತಾವೇ ಕೆಸರಿಗಿಳಿದು ಅಳೆದಿದ್ದರು.

“ಬರ್ತೀವ್ರಿ. ಆದ್ರ ಮೀಟರು ನನ್ನ ಕೈಯಾಗ ಇರಬೇಕು. ಎಷ್ಟು ಚೀಲ ಅಂತ ಹೇಳಾಕಿ ನಾನು.”

“ಆಯ್ತು, ಬರ್ರಿ,” ಎಂದರು ಸಾಹುಕಾರರು.

ಬೂದೆಮ್ಮ ಇಪ್ಪತ್ತು ಕಡೆ ಎಲೆ ಹಿಡಿದು ನೋಡಿ, ಎಕರೆಗೆ ಒಂದೇ ಚೀಲ ಎಂದಳು. ದೊಡ್ಡಪ್ಪನವರು ಅಷ್ಟನ್ನೇ ಹಾಕಿಸಿದರು. ಕೊಯ್ಲಿನ ತನಕ ಆ ಗದ್ದೆಯ ಬೆಳೆ ನೆಟ್ಟಗೆ ನಿಂತಿತ್ತು.