ಉಪ್ಪಿನ ಗೆರೆ

ಭಾವ ಅವಳನ್ನು ಕರೆಯುತ್ತಿದ್ದದ್ದೇ ‘ಬಾವಿ ಡಾಕ್ಟ್ರೇ’ ಎಂದು. ಮದುವೆಯಾದ ಹೊಸದರಲ್ಲಿ ಅಕ್ಕ ಹೆಮ್ಮೆಯಿಂದ, “ನನ್ನ ತಂಗಿ, ನೆಲದೊಳಗಿನ ನೀರಿನ ವಿಜ್ಞಾನಿ” ಎಂದು ಪರಿಚಯಿಸಿದಾಗ, “ಹಂಗಾದ್ರೆ ನಮ್ಮ ಬಾವಿಗೂ ಒಂದ್ಸಲ ನಾಡಿ ಹಿಡಿದು ನೋಡಮ್ಮ” ಎಂದಿದ್ದ. ಹೆಸರು ಅಂಟಿಕೊಂಡಿತು. ತಂಗಿಯ ಕೆಲಸವೂ ಹೆಚ್ಚುಕಮ್ಮಿ ಅದೇ. ಸಮುದ್ರದ ದಂಡೆಯಿಂದ ಊರಿನ ಒಳಗಿನವರೆಗೆ ಸಾಲಾಗಿ ಕೊರೆದಿದ್ದ ಪರೀಕ್ಷಾ ಬಾವಿಗಳ ಮುಚ್ಚಳ ತೆಗೆಯಬೇಕು, ಅಳತೆಯ ಪಟ್ಟಿಗೆ ಕಟ್ಟಿದ ಉಪಕರಣವನ್ನು ಇಳಿಬಿಡಬೇಕು, ನೀರು ಎಷ್ಟು ಆಳದಲ್ಲಿದೆ, ಎಷ್ಟು ಉಪ್ಪಾಗಿದೆ ಎಂದು ನೋಡಬೇಕು. ಕಾಯಿಲೆ ಪತ್ತೆ ಹಚ್ಚುವುದಷ್ಟೇ. ಮದ್ದು ಕೊಡುವ ಅಧಿಕಾರ ಈ ಡಾಕ್ಟರಿಗೆ ಇರಲಿಲ್ಲ.

ಕಾಯಿಲೆ ಏನೆಂದರೆ, ನೆಲದಡಿಯ ಸಿಹಿನೀರು ಸಮುದ್ರದ ನೀರನ್ನು ಆಚೆಗೇ ತಡೆದು ನಿಲ್ಲಿಸಿರುತ್ತದೆ, ಬಾಗಿಲಿಗೆ ಹೆಗಲು ಕೊಟ್ಟು ನಿಂತವರ ಹಾಗೆ. ಊರಿನವರು ಪಂಪು ಹಾಕಿ ಸಿಹಿನೀರು ಎಳೆದಷ್ಟೂ ಆ ಹೆಗಲು ಸೋಲುತ್ತದೆ, ಉಪ್ಪುನೀರು ಒಳಗೆ ಬರುತ್ತದೆ. ಓಡಿಯೇನೂ ಬರುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಬರಲು ಅದಕ್ಕೆ ಎಷ್ಟೋ ಕಾಲ ಬೇಕು. ಕಚೇರಿಯ ಗೋಡೆಯ ನಕ್ಷೆಯಲ್ಲಿ ಅದು ಎಲ್ಲಿಯವರೆಗೆ ಬಂದಿದೆ ಎಂದು ತೋರಿಸಲು ಒಂದು ಕೆಂಪು ಗೆರೆಯಿತ್ತು. ಪ್ರತಿವರ್ಷ ತಂಗಿಯೇ ಅದನ್ನು ಅಳಿಸಿ, ಊರಿನ ಕಡೆಗೆ ಇನ್ನಷ್ಟು ಸರಿಸಿ ಎಳೆಯುತ್ತಿದ್ದಳು.

ಈ ಸಲ ಎಳೆಯುವಾಗ ಪೆನ್ಸಿಲ್ಲು ಅಕ್ಕನ ಬೀದಿಯ ಬಾಯಿಗೆ ಬಂದು ನಿಂತಿತು.

ಅಕ್ಕ, ಭಾವ ಇಬ್ಬರೂ ಸೇರಿ ಮನೆಯ ಹಿಂದೆ ಸಸಿಗಳ ನರ್ಸರಿ ನಡೆಸುತ್ತಿದ್ದರು. ಬೇರೆಲ್ಲ ಗಿಡಗಳೂ ಇದ್ದವು, ಆದರೆ ಭಾವನ ಪ್ರಾಣ ಇದ್ದದ್ದು ನಿಂಬೆ ಮತ್ತು ಕಿತ್ತಳೆಯಲ್ಲಿ. ಬಾವಿಯ ಪಕ್ಕದಲ್ಲೇ ಒಂದು ಹಳೆಯ ನಿಂಬೆ ಮರ. ಅದರ ಕೊಂಬೆಯ ಚಿಗುರುಗಣ್ಣು ತೆಗೆದೇ ಅವನು ಸಾವಿರಾರು ಸಸಿಗಳಿಗೆ ಕಸಿ ಕಟ್ಟಿದ್ದ. ಎಲ್ಲಕ್ಕೂ ತಾಯಿ ಅದು. ಗಿಡಗಳ ಪೈಕಿ ನಿಂಬೆಯ ಜಾತಿಯಷ್ಟು ಉಪ್ಪಿಗೆ ಹೆದರುವವು ಕಡಿಮೆ ಎಂಬುದು ತಂಗಿಗೆ ಗೊತ್ತಿತ್ತು.

ಮೊದಲು ಅವಳು ಮುಖ್ಯಸ್ಥರ ಕೋಣೆಗೆ ಹೋದಳು.

“ಕೆಲಸ ಅಚ್ಚುಕಟ್ಟಾಗಿದೆ. ಮುಂದುವರಿಸಿ” ಎಂದರು ಅವರು.

“ಮುಂದುವರಿಸೋದು ಅಂದ್ರೆ ಏನ್ ಸರ್?”

“ಅಳೆಯೋದು.” ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. “ಪಂಪು ನಿಲ್ಲಿಸಿ ಅಂತ ಮೇಲಿನವರಿಗೆ ನಾನು ಬರೆದೂ ಬರೆದೂ ಸಾಕಾಗಿದೆ. ನಿಲ್ಲಿಸಿದ್ರೆ ಜನ ಏನು ಕುಡೀಬೇಕು ಅಂತ ಕೇಳ್ತಾರೆ. ತಪ್ಪು ಪ್ರಶ್ನೆ ಅಲ್ವಲ್ಲ ಅದು. ನದಿ ನೀರು ಕೊಡೋಣ ಅಂದ್ರೆ, ಬೇಸಿಗೇಲಿ ನದಿಯ ಅಳತೆಗೋಲು ನೀವೇ ನೋಡ್ತೀರಿ. ಅದರ ಬುಡ ಕೂಡ ಒದ್ದೆ ಇರಲ್ಲ.”

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ತಂಗಿ ವಿಷಯ ತೆಗೆದಳು. ಭಾವ ಎಂದಿನಂತೆ, “ಬಿಡು ಡಾಕ್ಟ್ರೇ, ಸಾರಿಗೆ ಉಪ್ಪು ಹಾಕೋ ಖರ್ಚು ಉಳೀತು” ಎಂದ. ಅವಳು ನಗಲಿಲ್ಲ. ಅವನ ನಗುವೂ ಅಲ್ಲಿಗೇ ಇಳಿಯಿತು.

“ಏನ್ ಮಾಡ್ಬೇಕು ಹೇಳು.”

“ಎಲ್ಲರೂ ನೀರೆತ್ತೋದು ಕಡಿಮೆ ಮಾಡಿದ್ರೆ ನಿಲ್ಲಬಹುದು, ಭಾವ.”

“ಎಲ್ಲರ ಮಾತು ಆಮೇಲೆ. ನಾನೇನ್ ಮಾಡ್ಲಿ?”

“ನೀವೂ ಕಡಿಮೆ ಮಾಡಿದ್ರೆ ಒಳ್ಳೇದು” ಎಂದಳು. ಏನಾದರೂ ಹೇಳಬೇಕಲ್ಲ ಎಂದು ಬಾಯಿಗೆ ಬಂದ ಮಾತು ಅದು.

ಅವಳ ಇಷ್ಟು ವರ್ಷದ ನೌಕರಿಯಲ್ಲಿ ಅವಳ ಮಾತು ಕೇಳಿ ಯಾರೂ ಒಂದು ನಲ್ಲಿಯನ್ನೂ ತಿರುಗಿಸಿ ನಿಲ್ಲಿಸಿರಲಿಲ್ಲ. ಭಾವ ಪಂಪನ್ನೇ ಕಿತ್ತು ಮಾರಿಬಿಟ್ಟ. ಮಾಡಿನಿಂದ ಸುರಿಯುವ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸಿದ. ಅಷ್ಟು ನೀರಿಗೆ ಎಷ್ಟು ಗಿಡ ಬದುಕುತ್ತವೋ ಅಷ್ಟನ್ನು ಇಟ್ಟುಕೊಂಡು, ಉಳಿದ ಸಸಿಗಳನ್ನು ದೂರದ ನರ್ಸರಿಯವರಿಗೆ ಸಾಗಹಾಕಿದ. ಸಾಲದ್ದಕ್ಕೆ ಬೀದಿಯ ಮನೆಮನೆಗೂ ಹೋಗಿ ಬಾಗಿಲು ತಟ್ಟಿದ. ಐಸ್ ಕಾರ್ಖಾನೆಯವನು, “ನಾನು ನಿಲ್ಲಿಸ್ತೀನಿ, ಮೀನೆಲ್ಲ ತಂದು ನಿಮ್ಮನೆ ಫ್ರಿಜ್ಜಲ್ಲಿ ಇಡ್ಲಾ?” ಎಂದು ಕುರ್ಚಿ ಕೊಟ್ಟು ಕೂರಿಸಿಯೇ ನಕ್ಕ. ಬೀದಿಯ ಒಳತುದಿಯ ಲಾಂಡ್ರಿಯಾಕೆ, ನೀರಿಲ್ಲದೆ ಬಟ್ಟೆ ಒಗೆಯುವುದು ಹೇಗೆಂದು ಕೇಳಿದಳು. ಆ ಚಳಿಗಾಲದಲ್ಲೇ ಎದುರಿನ ಖಾಲಿ ಜಾಗದಲ್ಲಿ ವಸತಿಗೃಹವೊಂದು ಎದ್ದಿತು. ಅದಕ್ಕೆ ಇನ್ನೂ ಆಳದ ಕೊಳವೆಬಾವಿ ಬಂತು.

“ನಿನ್ನ ಮಾತು ಕಟ್ಕೊಂಡು ಇವರಿಗೆ ಹುಚ್ಚು ಹಿಡಿದಿದೆ” ಎಂದು ಅಕ್ಕ ಗೊಣಗುತ್ತಿದ್ದಳು. ತಂಗಿಗೆ ಮಾತ್ರ ಒಳಗೊಳಗೇ ಹಿಗ್ಗು. ಯಾರೋ ಒಬ್ಬರಾದರೂ ಕಿವಿಗೆ ಹಾಕಿಕೊಂಡರಲ್ಲ! ಆ ಹಿಗ್ಗಿನಲ್ಲಿ, ಒಬ್ಬನ ಪಂಪಿನ ಲೆಕ್ಕ ಎಷ್ಟು ಪುಟ್ಟದು ಎಂಬುದನ್ನು ಅವನಿಗೆ ಬಿಡಿಸಿ ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಅಕ್ಕನ ಫೋನು ಬಂತು. “ಬಂದು ನೋಡು” ಎಂದಷ್ಟೇ ಹೇಳಿ ಇಟ್ಟಳು.

ನಿಂಬೆ ಮರದ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದಾಗಿತ್ತು. ಕೆಳಗೆ ಎಲೆಗಳು ಉದುರಿ ಬಿದ್ದಿದ್ದವು. ತೊಟ್ಟಿಯ ನೀರು ಮುಗಿದ ಮೇಲೆ ಭಾವ ಬಾವಿಯಿಂದ ಕೈಯಲ್ಲೇ ಒಂದೊಂದು ಕೊಡ ಸೇದಿ ಹಾಕುತ್ತಿದ್ದನಂತೆ. ಮರ ಒಣಗುತ್ತಿದೆ ಎಂದುಕೊಂಡು ಇನ್ನೂ ಎರಡು ಕೊಡ ಹೆಚ್ಚಿಗೆ ಹಾಕಿದ್ದನಂತೆ.

ತಂಗಿ ಉಪಕರಣ ಇಳಿಬಿಟ್ಟಳು. ಪರದೆಯ ಮೇಲೆ ಅಂಕಿ ಏರಿತು, ಏರುತ್ತಲೇ ಹೋಯಿತು. ನಕ್ಷೆಯ ಪ್ರಕಾರ ಉಪ್ಪುನೀರು ಇಲ್ಲಿಗೆ ಬರಲು ಇನ್ನೂ ಕಾಲವಿತ್ತು.

“ಬಂದೇಬಿಡ್ತಾ?” ಭಾವ ಕೇಳಿದ.

ಅವಳು ತಲೆಯಾಡಿಸಿದಳು.

ಅವನು ಬಾವಿಕಟ್ಟೆಯ ಮೇಲೆ ಕೂತ. ಬೆರಳ ಸಂದಿಯಲ್ಲಿ ಕಸಿ ಕಟ್ಟುವ ಪಟ್ಟಿಯ ತುಂಡೊಂದು ಸಿಕ್ಕಿಕೊಂಡಿತ್ತು. “ಒಂದು ಮಾತು ಕೇಳ್ತೀನಿ, ನಿಜ ಹೇಳು. ನಾನು ಪಂಪ್ ತೆಗೆದಿದ್ದಕ್ಕೆ ಅದು ಎಷ್ಟು ತಡ ಆಯ್ತು? ಒಂದು ವರ್ಷ? ಆರು ತಿಂಗಳು?”

ಸುಳ್ಳು ಹೇಳುವುದು ಸುಲಭವಿತ್ತು. ಅವಳ ನಾಲಿಗೆ ತುದಿಗೂ ಬಂತು. ಆದರೆ ಜೀವಮಾನವೆಲ್ಲ ಬರೀ ಅಳತೆ ಹೇಳಿಕೊಂಡು ಬಂದವಳ ಬಾಯಿ ಆ ಕಡೆ ತಿರುಗಲಿಲ್ಲ.

“ಅಳೆಯೋಕೆ ಆಗದಷ್ಟು ಕಡಿಮೆ, ಭಾವ.”

“ಅಷ್ಟೂ ಇಲ್ವಾ?”

“ಇಲ್ಲ.”

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. “ಹಂಗಾದ್ರೆ ಯಾಕೆ ಹೇಳ್ದೆ? ಸುಮ್ಮನಿದ್ದಿದ್ರೆ ಇಷ್ಟು ದಿನ ಹೊಟ್ಟೆತುಂಬ ನೀರು ಹಾಕಿ ಬೆಳೆಸ್ತಿದ್ವಲ್ಲೇ! ಎಲ್ಲ ಸಸಿ ಕೊಟ್ಟು ಕೈ ಖಾಲಿ ಮಾಡ್ಕೊಂಡ್ವಲ್ಲೇ!” ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಭಾವ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಹಗುರವಾಗುತ್ತಿತ್ತೇನೋ. ಅವನು ಎದ್ದು ಮರದ ಬುಡದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಂಡಿ ನೋಡಿದ, ಮತ್ತೆ ಅಲ್ಲೇ ಹಾಕಿ ಕೈಯಿಂದ ತಟ್ಟಿದ. ಅಷ್ಟು ಹಳೆಯ ಮರವನ್ನು ಕಿತ್ತು ಎಲ್ಲಿಗೂ ಒಯ್ಯುವಂತಿರಲಿಲ್ಲ. ಇನ್ನೂ ಹಸುರಾಗಿದ್ದ ಕೆಲವು ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ದೂರದ ನರ್ಸರಿಗೆ ಕಳಿಸಿದ. ಅಲ್ಲಿ ಅವು ಚಿಗುರಿದವೋ ಇಲ್ಲವೋ, ಸುದ್ದಿ ಬರಲಿಲ್ಲ. ಮರ ಮಳೆಗಾಲದವರೆಗೂ ಬದುಕಲಿಲ್ಲ.

ಅದನ್ನು ಕಡಿಸಿದ ದಿನ ಭಾವ ಕೇಳಿದ, “ಇನ್ನು ಮುಂದೆ ಉಪ್ಪು ಯಾರ ಮನೆಗೆ?”

“ಲಾಂಡ್ರಿಯವರ ಬಾವಿಗೆ.”

“ಹೇಳಿದೀಯಾ?”

“ಏನಂತ ಹೇಳ್ಲಿ?”

ಅವನು ಚಪ್ಪಲಿ ಮೆಟ್ಟಿದ. “ಗೊತ್ತಿದ್ದೂ ಹೇಳ್ದೇ ಇರೋದು ಸರಿ ಅಲ್ಲ. ನಡಿ, ನಾನೂ ಬರ್ತೀನಿ.”

ಇಬ್ಬರೂ ಹೋದರು. ಲಾಂಡ್ರಿಯ ಒಳಗೆ ಹಬೆ ತುಂಬಿತ್ತು. ಆಸ್ಪತ್ರೆಯ ಬಿಳಿ ಹೊದಿಕೆಗಳು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಲಾಂಡ್ರಿಯಾಕೆ ಕಾಲುಮಣೆ ಎಳೆದು ಕೊಟ್ಟಳು, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

“ಸರಿ,” ಎಂದಳು ಕೊನೆಗೆ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, “ಈಗ ನಾನೇನ್ ಮಾಡ್ಬೇಕು?”

ತಂಗಿ ಭಾವನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಆಕೆ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡುತ್ತ ಉತ್ತರಕ್ಕಾಗಿ ಕಾದಳು.